ಮೋಟಾರು ತಿರುಗುತ್ತಿದೆ, ನೀರು ಬರುತ್ತಿಲ್ಲ

ಹೋದ ಬೇಸಿಗೆಯ ಒಂದು ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ನಲ್ಲಿಗಳೆಲ್ಲ ಗೊರಗೊರ ಎಂದು ಗಾಳಿ ಉಗುಳಿ ಸುಮ್ಮನಾದವು. ನಮ್ಮದು 24 ಮನೆಗಳ ಸಣ್ಣ ಕಟ್ಟಡ. ಸಂಪಿನಲ್ಲಿ ನೀರಿತ್ತು, ಹಿಂದಿನ ರಾತ್ರಿಯಷ್ಟೇ ಟ್ಯಾಂಕರಿನವನು ತುಂಬಿಸಿ ಹೋಗಿದ್ದ. ಮೋಟಾರು ತಿರುಗುವ ಸದ್ದೂ ಕೇಳುತ್ತಿತ್ತು. ಮೇಲಿನ ಟ್ಯಾಂಕಿಗೆ ಮಾತ್ರ ಒಂದು ಹನಿಯೂ ಬೀಳುತ್ತಿರಲಿಲ್ಲ. ಎಲೆಕ್ಟ್ರಿಷಿಯನ್ ಬಂದ, ಟೆಸ್ಟರ್ ಇಟ್ಟು ನೋಡಿದ. ‘ಮೂರೂ ಫೇಸ್ ಬರ್ತಿದೆ ಸಾರ್, ಮೋಟ್ರು ತಿರುಗ್ತಿದೆ. ಮುಂದಿಂದು ನಂದಲ್ಲ’ ಎಂದ. ಪ್ಲಂಬರ್ ಬಂದ, ಗೇಟ್‌ವಾಲ್ವ್ ತಿರುಗಿಸಿದ, ಪೈಪು ತಟ್ಟಿದ. ‘ಲೈನ್ ಸರಿಯಾಗೈತೆ, ಮೋಟ್ರೇ ಎತ್ತುತಿಲ್ಲ’ ಎಂದ. ಇಬ್ಬರೂ ಬಂದುಹೋದ ಖರ್ಚು ಈಸಿಕೊಂಡು ಹೋದರು. ಮಧ್ಯಾಹ್ನದ ಹೊತ್ತಿಗೆ ರಿವೈಂಡಿಂಗ್ ಅಂಗಡಿಯವರು ಮೋಟಾರು ಬಿಚ್ಚಿ ಒಯ್ಯಲು ಸ್ಪ್ಯಾನರ್ ಹಿಡಿದು ನಿಂತಿದ್ದರು.

ತೊಡಕು ಬಿಡಿಸಿದವರು ಪಕ್ಕದ ಬೀದಿಯ ಹಿರಿಯರೊಬ್ಬರು, ಸಾರ್ವಜನಿಕ ವಲಯದ ಕಾರ್ಖಾನೆಯೊಂದರ ಮೇಂಟೆನೆನ್ಸ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಅವರು ಏನನ್ನೂ ಬಿಚ್ಚಲಿಲ್ಲ. ಪ್ಯಾನೆಲ್ ಬೋರ್ಡಿನ ಆಂಪಿಯರ್ ಮೀಟರನ್ನು ನೋಡಿ, ‘ದಿನಾ ಎಷ್ಟು ತೋರಿಸುತ್ತೆ?’ ಎಂದು ಕೇಳಿದರು. ಕಮಿಟಿಯವರಾದ ನಾವು ಮುಖ ಮುಖ ನೋಡಿಕೊಂಡೆವು. ದಿನಾ ಮೋಟಾರು ಹಾಕಿ ಆರಿಸುವ ಯಾದಗಿರಿ ಕಡೆಯ ಹುಡುಗ ಹಿಂದಿನಿಂದ, ‘ಐದರ ಹತ್ರ ಇರ್ತದ್ರಿ ಯಾವಾಗ್ಲೂ’ ಎಂದ. ಆಗ ಮುಳ್ಳು ಮೂರರ ಮೇಲೆ ನಿಂತಿತ್ತು. ‘ಹಾಗಾದ್ರೆ ಪಂಪು ನೀರೇ ಹಿಡಿದಿಲ್ಲ. ಖಾಲಿ ತಿರುಗ್ತಿದೆ. ಫೂಟ್‌ವಾಲ್ವ್ ನೋಡ್ರಪ್ಪ’ ಎಂದರು. ಟ್ಯಾಂಕರ್ ನೀರಿನ ಜೊತೆ ಬಂದ ಜಲ್ಲಿಚೂರೊಂದು ಫೂಟ್‌ವಾಲ್ವಿನ ಮುಚ್ಚಳಕ್ಕೆ ಸಿಕ್ಕಿಕೊಂಡು, ರಾತ್ರಿಯಿಡೀ ಪೈಪಿನ ನೀರು ಸಂಪಿಗೆ ಇಳಿದುಹೋಗಿತ್ತು. ಹೊರೆ ಹೊತ್ತವನ ಏದುಸಿರು ಬರಿಗೈಲಿ ನಡೆಯುವವನಿಗೆ ಇರುವುದಿಲ್ಲವಲ್ಲ, ಹಾಗೆಯೇ ನೀರೆತ್ತದೆ ಸುಮ್ಮನೆ ತಿರುಗುವ ಪಂಪು ಕಡಿಮೆ ಕರೆಂಟು ಎಳೆಯುತ್ತದೆ. ಚೂರು ತೆಗೆದು, ಪಂಪಿನ ಬಾಯಿಗೆ ನೀರು ಹೊಯ್ದು ಹಾಕಿದೆವು. ಮುಳ್ಳು ಐದಕ್ಕೆ ಏರಿತು.

ಆ ದಿನದಿಂದ ನನ್ನನ್ನು ಕಾಡುತ್ತಿರುವುದು ಆ ಹುಡುಗ. ಮುಳ್ಳು ಎಲ್ಲಿರುತ್ತದೆ ಎಂಬುದು ಅವನೊಬ್ಬನಿಗೇ ಗೊತ್ತಿತ್ತು. ಅದು ಏನು ಹೇಳುತ್ತದೆ ಎಂಬುದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತರಬೇತಿ ಪಡೆದು ಬಂದಿದ್ದ ಇಬ್ಬರಿಗೆ ತಂತಿ ಗೊತ್ತಿತ್ತು, ಪೈಪು ಗೊತ್ತಿತ್ತು, ಆದರೆ ಅವೆರಡೂ ಕೂಡುವ ಜಾಗಕ್ಕೆ ಯಜಮಾನನೇ ಇರಲಿಲ್ಲ. ಕಟ್ಟಡ ನಿರ್ವಹಣೆಯ ವೃತ್ತಿ ತರಬೇತಿಯ ಕಷ್ಟವೆಲ್ಲ ಆ ಕೂಡುವ ಜಾಗದಲ್ಲೇ ಇದೆ ಎಂದು ನನಗನ್ನಿಸುತ್ತದೆ.

ನಮ್ಮ ತಂದೆಯ ಕಾಲದ ಮನೆಗೆ ಇಂಥ ಕೆಲಸಗಾರ ಬೇಕಿರಲಿಲ್ಲ. ಬಾವಿ, ಹಂಡೆ, ನಾಲ್ಕು ಬಲ್ಬು, ಒಂದು ಫ್ಯಾನು, ಅಷ್ಟೇ. ಇಂದು ಬೆಂಗಳೂರಿನ ಒಂದು ಮಧ್ಯಮ ಗಾತ್ರದ ಅಪಾರ್ಟ್‌ಮೆಂಟನ್ನು ಮನೆ ಎನ್ನುವುದಕ್ಕಿಂತ ಯಂತ್ರ ಎನ್ನುವುದೇ ಸರಿ. ಬೋರ್‌ವೆಲ್‌ನ ಸಬ್‌ಮರ್ಸಿಬಲ್ ಪಂಪು, ನೀರು ಮೆದುಗೊಳಿಸುವ ಸಾಫ್ಟ್‌ನರ್, ಲಿಫ್ಟು, ಜನರೇಟರು, ಬೆಂಕಿ ಆರಿಸುವ ಪಂಪು, ಸೋಲಾರ್ ಹೀಟರು, ಕೊಳಚೆ ನೀರು ಶುದ್ಧೀಕರಿಸುವ ಎಸ್‌ಟಿಪಿ, ಈಗೀಗ ಕಾರು ಚಾರ್ಜ್ ಮಾಡುವ ಪಾಯಿಂಟೂ ಸೇರಿದೆ. ಇವು ಒಂದಕ್ಕೊಂದು ಹೆಣೆದುಕೊಂಡಿವೆ. ಸುಮ್ಮನೆ ನಿಂತ ನೀರು ಪ್ರತಿ 10 ಮೀಟರ್ ಎತ್ತರಕ್ಕೆ ಹೆಚ್ಚುಕಡಿಮೆ 1 ಬಾರ್ ಒತ್ತಡ ಹಾಕುತ್ತದೆ. 15 ಅಂತಸ್ತಿನ ಕಟ್ಟಡದ ತಾರಸಿಯ ಟ್ಯಾಂಕಿನಿಂದ ನೆಲಮನೆಗೆ ನೇರವಾಗಿ ಇಳಿದ ನೀರಿನಲ್ಲಿ 4ರಿಂದ 5 ಬಾರ್ ಒತ್ತಡವಿರುತ್ತದೆ. ಮೇಲಿನ ಮನೆಯಲ್ಲಿ ಶವರ್ ತೊಟ್ಟಿಕ್ಕುತ್ತಿದ್ದರೆ ಕೆಳಗಿನ ಮನೆಯಲ್ಲಿ ಹೆಲ್ತ್ ಫಾಸೆಟ್ಟಿನ ಪೈಪು ಪದೇ ಪದೇ ಒಡೆಯುವುದು ಅದಕ್ಕೇ. ಒತ್ತಡ ತಗ್ಗಿಸುವ ವಾಲ್ವು ಕೆಟ್ಟಿದೆ ಎಂದು ತಿಳಿಯದೆ ವರ್ಷಕ್ಕೆ ನಾಲ್ಕು ಸಲ ಪೈಪು ಬದಲಿಸಿ, ಪ್ಲಾಸ್ಟಿಕ್ಕಿನ ಗುಣಮಟ್ಟವನ್ನು ಬೈಯುವ ಮನೆಗಳು ಎಷ್ಟೋ ಇವೆ.

ಈ ಯಂತ್ರ ನೋಡಿಕೊಳ್ಳುವವರು ಎಲ್ಲಿಂದ ಬರಬೇಕು? ಕಾಗದದ ಮೇಲೆ ಉತ್ತರ ಸುಲಭ: ಐಟಿಐಗಳಿಂದ. (ಬೆಂಗಳೂರಿನ ಹಳಬರಿಗೆ ಐಟಿಐ ಎಂದರೆ ದೂರವಾಣಿನಗರದ ಟೆಲಿಫೋನ್ ಕಾರ್ಖಾನೆ. ನಾನು ಹೇಳುತ್ತಿರುವುದು ಕೈಗಾರಿಕಾ ತರಬೇತಿ ಸಂಸ್ಥೆಗಳ ಬಗ್ಗೆ.) ದೇಶದಲ್ಲಿ ಕುಶಲಕರ್ಮಿ ತರಬೇತಿ ಯೋಜನೆ ಶುರುವಾದದ್ದು 1950ರಲ್ಲಿ. ನಮ್ಮಲ್ಲಿ ಆಲೋಚನೆ ಅದಕ್ಕೂ ಹಳೆಯದು. ಭದ್ರಾವತಿ ಕಬ್ಬಿಣದ ಕಾರ್ಖಾನೆಯಿಂದ ತಮಗೆ ಸಲ್ಲಬೇಕಿದ್ದ ಸಂಭಾವನೆಯನ್ನು ಸರ್ ಎಂ. ವಿಶ್ವೇಶ್ವರಯ್ಯನವರು ಕಸಬು ಕಲಿಸುವ ಸಂಸ್ಥೆಯೊಂದಕ್ಕೆ ಬಿಟ್ಟುಕೊಟ್ಟು, ಅದಕ್ಕೆ ಮಹಾರಾಜರ ಹೆಸರಿಡಿಸಿದರು. ಕೆ.ಆರ್. ವೃತ್ತದ ಬಳಿಯ ಶ್ರೀ ಜಯಚಾಮರಾಜೇಂದ್ರ ಸಂಸ್ಥೆ ಹುಟ್ಟಿದ್ದು ಹಾಗೆ. ಎಂಜಿನಿಯರ್‌ಗಳ ಎಂಜಿನಿಯರ್ ಎನಿಸಿಕೊಂಡವರು ತಮ್ಮ ಪಾಲಿನ ಹಣವನ್ನು ಎಂಜಿನಿಯರಿಂಗ್ ಕಾಲೇಜಿಗೆ ಕೊಡದೆ ಕಸಬಿನ ಶಾಲೆಗೆ ಕೊಟ್ಟರು. ಇಂದು ಮಕ್ಕಳ ‘ಸೀಟಿ’ಗಾಗಿ ಓಡಾಡುವ ನಮಗೆ ಈ ಸಂಗತಿ ಅಷ್ಟಾಗಿ ನೆನಪಿಲ್ಲ.

ಈಗಿನ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡಿಗೆ 2 ವರ್ಷ, ಪ್ಲಂಬರ್‌ಗೆ 1 ವರ್ಷ, ಫ್ರಿಜ್-ಎಸಿ ಟ್ರೇಡಿಗೆ 2 ವರ್ಷ. ಲಿಫ್ಟ್ ಮೆಕ್ಯಾನಿಕ್ ಟ್ರೇಡೂ ಇದೆ, ಕಲಿಸುವ ಕಡೆಗಳು ಕಡಿಮೆ. ಒಂದೊಂದು ಟ್ರೇಡಿಗೂ ಒಂದೊಂದು ಕೊಠಡಿ, ಒಬ್ಬೊಬ್ಬ ಬೋಧಕ, ಒಂದೊಂದು ಪರೀಕ್ಷೆ. ಕಾರ್ಖಾನೆಗೆ ಇದು ಹೊಂದುತ್ತದೆ. ಅಲ್ಲಿ ಫಿಟ್ಟರು ಫಿಟ್ಟರಾಗಿ, ವೆಲ್ಡರು ವೆಲ್ಡರಾಗಿ ದುಡಿಯುತ್ತಾರೆ, ಇಬ್ಬರ ನಡುವಿನದನ್ನು ನೋಡಲು ಒಬ್ಬ ಫೋರ್ಮನ್ ಇರುತ್ತಾನೆ. ಅಪಾರ್ಟ್‌ಮೆಂಟಿನಲ್ಲಿ ಆ ಫೋರ್ಮನ್ ಇಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬನೇ ಇರುತ್ತಾನೆ, ಅವನನ್ನು ‘ಟೆಕ್ನಿಷಿಯನ್’ ಎಂದು ಕರೆದು ಎಲ್ಲವನ್ನೂ ಅವನ ತಲೆಗೆ ಕಟ್ಟುತ್ತೇವೆ.

ಇನ್ನೊಂದು ತೊಡಕು ಹೊರಗಿನವರ ಕಣ್ಣಿಗೆ ಬೇಗ ಬೀಳುವುದಿಲ್ಲ. ತರಬೇತಿಯ ಹೆಚ್ಚಿನ ಹೊತ್ತು ಹೋಗುವುದು ಹೊಸದಾಗಿ ಮಾಡುವುದರಲ್ಲಿ: ಮರದ ಹಲಗೆಯ ಮೇಲೆ ಹೊಸ ತಂತಿ ಎಳೆ, ಹೊಸ ಪೈಪಿಗೆ ಮರೆ ಕೊರೆ, ಹೊಸ ಸ್ವಿಚ್ ಕೂರಿಸು. ದೋಷ ಪತ್ತೆ ಹಚ್ಚುವುದೂ ಪಠ್ಯದಲ್ಲಿದೆ ನಿಜ, ಆದರೆ ಬೋಧಕರೇ ಬೆಳಿಗ್ಗೆ ಮಾಡಿಟ್ಟ ದೋಷವನ್ನು ಮಧ್ಯಾಹ್ನ ಹುಡುಕುವುದು ಒಂದು. ಹತ್ತು ವರ್ಷದ ಹಿಂದೆ ಯಾರೋ ಎಳೆದ, ನಕ್ಷೆಯಿಲ್ಲದ, ಎಲ್ಲ ತಂತಿಯೂ ಕೆಂಪು ಬಣ್ಣದ್ದೇ ಆದ ಬೋರ್ಡಿನ ಮುಂದೆ ಮೊಬೈಲಿನ ಬೆಳಕಿನಲ್ಲಿ ನಿಂತು, ಹಿಂದಿನಿಂದ ಮೂವರು ನಿವಾಸಿಗಳು ‘ಎಷ್ಟೊತ್ತಪ್ಪ?’ ಎನ್ನುತ್ತಿರುವಾಗ ಹುಡುಕುವುದು ಇನ್ನೊಂದು. ಮೇಂಟೆನೆನ್ಸ್ ಕೆಲಸಗಾರನಿಗೆ ಎದುರಾಗುವುದು ಯಾವಾಗಲೂ ಹಳೆಯದು, ಬೇರೆಯವರು ಮಾಡಿದ್ದು, ಅರ್ಧ ಕೆಟ್ಟದ್ದು. ಅವನ ಕಸಬು ವೈದ್ಯನ ಕಸಬಿಗೆ ಹತ್ತಿರ.

ಎಸಿ ಉದಾಹರಣೆ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ತಂಪು ಕಡಿಮೆಯಾಯಿತೆಂದು ಕರೆದರೆ ಬಂದವನು ಹೇಳುವ ಮೊದಲ ಮಾತು, ‘ಗ್ಯಾಸ್ ಖಾಲಿಯಾಗಿದೆ ಸಾರ್, ಹಾಕ್ಬೇಕು’. ಅಡುಗೆ ಅನಿಲದಂತೆ ಎಸಿಯ ಗ್ಯಾಸೂ ಉರಿದು ಖರ್ಚಾಗುತ್ತದೆ ಎಂದು ನಾವೂ ನಂಬಿಬಿಡುತ್ತೇವೆ. ಆದರೆ ಅದು ಮುಚ್ಚಿದ ತಾಮ್ರದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಒಳಗೆ ಆವಿಯಾಗಿ ಕೋಣೆಯ ಬಿಸಿ ಹೀರುತ್ತದೆ, ಹೊರಗೆ ದ್ರವವಾಗಿ ಆ ಬಿಸಿಯನ್ನು ಬಿಡುತ್ತದೆ. ಎಷ್ಟು ವರ್ಷ ಓಡಿದರೂ ಅದು ಸವೆಯುವಂಥದ್ದಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿಕೆ ಇದೆ ಎಂದೇ ಅರ್ಥ. ಸೋರುವ ಜಾಗ ಹುಡುಕದೆ ಗ್ಯಾಸ್ ತುಂಬಿಸಿದರೆ ಮುಂದಿನ ಬೇಸಿಗೆಗೆ ಮತ್ತೆ ಅದೇ ಕತೆ. ಇದಕ್ಕಿಂತ ಸ್ವಾರಸ್ಯವಾದದ್ದು ಹೀಗಿದೆ: ಗ್ಯಾಸ್ ಕಡಿಮೆಯಾದರೂ ಒಳಗಿನ ಕಾಯಿಲ್ ಮೇಲೆ ಹಿಮ ಕಟ್ಟುತ್ತದೆ, ಧೂಳು ತುಂಬಿ ಫಿಲ್ಟರ್ ಕಟ್ಟಿಕೊಂಡರೂ ಹಿಮ ಕಟ್ಟುತ್ತದೆ. ಲಕ್ಷಣ ಒಂದೇ, ರೋಗ ಎರಡು. ಮೊದಲು ಫಿಲ್ಟರ್ ತೊಳೆದು, ಒತ್ತಡ ಅಳೆದು, ಆಮೇಲೆ ಮಾತಾಡುವವನು ಕಲಿತವನು. ಬಂದ ಕೂಡಲೇ ಸಿಲಿಂಡರ್ ಇಳಿಸುವವನು ಗ್ಯಾಸ್ ಮಾರುವವನು.

ಈಗ ಈ ಅರೆಕಲಿಕೆಯ ಅಪಾಯವೂ ಹೆಚ್ಚಿದೆ. ಓಝೋನ್ ಪದರದ ಸಲುವಾಗಿ 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದದ ದಾರಿಯಲ್ಲಿ ಹಳೆಯ ಆರ್-22 ಗ್ಯಾಸು ಹಿಂದೆ ಸರಿಯುತ್ತಿದೆ. ಅದರ ಜಾಗಕ್ಕೆ ಬಂದಿರುವ ಆರ್-32 ಅಲ್ಪಸ್ವಲ್ಪ ಹೊತ್ತಿಕೊಳ್ಳುವಂಥದ್ದು. ಆರ್-290 ಎಂದರೆ ಸಾಕ್ಷಾತ್ ಪ್ರೊಪೇನ್, ಅಡುಗೆ ಅನಿಲದ ಒಡಹುಟ್ಟು. ಹಳೆ ಅಭ್ಯಾಸದಂತೆ ಕೊಳವೆಯಲ್ಲಿ ಗ್ಯಾಸ್ ಇರುವಾಗಲೇ ಬೆಸುಗೆಗೆ ಬೆಂಕಿ ಹಿಡಿಯುವ ಮೇಸ್ತ್ರಿಯ ಪಕ್ಕದಲ್ಲಿ ನಿಂತು ಕಲಿತ ಹುಡುಗ ಇನ್ನು ಮುಂದೆ ತನ್ನ ಜೀವವನ್ನೇ ಪಣಕ್ಕಿಡುತ್ತಾನೆ. ಭಾರತ ಸರ್ಕಾರ 2019ರಲ್ಲಿ ಹೊರತಂದ ಕೂಲಿಂಗ್ ಆ್ಯಕ್ಷನ್ ಪ್ಲಾನ್‌ನಲ್ಲಿ 2022-23ರೊಳಗೆ ಸರ್ವೀಸ್ ಕ್ಷೇತ್ರದ 1 ಲಕ್ಷ ಟೆಕ್ನಿಷಿಯನ್‌ಗಳಿಗೆ ತರಬೇತಿ ಕೊಟ್ಟು ಪ್ರಮಾಣೀಕರಿಸುವ ಗುರಿ ಇಟ್ಟದ್ದು ಸುಮ್ಮನಲ್ಲ. ನಿಮ್ಮ ಮನೆಗೆ ಬಂದವನ ಬಳಿ ವ್ಯಾಕ್ಯೂಮ್ ಪಂಪು ಮತ್ತು ತಕ್ಕಡಿ ಇದೆಯೇ ಎಂದು ಕೇಳಿ ನೋಡಿ. ಕೊಳವೆಯೊಳಗಿನ ಗಾಳಿ, ತೇವ ಎಳೆದು ತೆಗೆಯಲು ಪಂಪು, ಗ್ಯಾಸನ್ನು ಗ್ರಾಮ್ ಲೆಕ್ಕದಲ್ಲಿ ತುಂಬಲು ತಕ್ಕಡಿ. ಎರಡೂ ಇದ್ದರೆ ಅವನು ಕೇಳಿದ ಹಣ ಕೊಡಿ, ಚೌಕಾಸಿ ಬೇಡ.

ವಿದ್ಯುತ್ತಿನ ವಿಷಯದಲ್ಲೂ ಒಂದು ತಪ್ಪು ತಿಳಿವಳಿಕೆ ಮನೆಮನೆಯಲ್ಲಿದೆ. ‘ಎಂಸಿಬಿ ಹಾಕಿಸಿದ್ದೀವಿ, ಶಾಕ್ ಹೊಡೆಯಲ್ಲ’ ಎನ್ನುತ್ತೇವೆ. ಎಂಸಿಬಿ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಗೀಸರಿನ 16 ಆಂಪಿಯರ್ ಎಂಸಿಬಿ ಅದಕ್ಕಿಂತ ಹೆಚ್ಚು ಕರೆಂಟು ಹರಿದಾಗ ಬೀಳುತ್ತದೆ. ಮನುಷ್ಯನ ಎದೆಬಡಿತ ಕೆಡಿಸಲು ಒಂದು ಆಂಪಿಯರಿನ ಸಾವಿರದಲ್ಲಿ ಕೆಲವು ಹತ್ತು ಪಾಲು ಸಾಕು. ಅದನ್ನು ಹಿಡಿಯಲು ಇರುವುದು ಆರ್‌ಸಿಸಿಬಿ. ಹೋದ ಕರೆಂಟು, ವಾಪಸು ಬಂದ ಕರೆಂಟು ಸಮವಾಗಿದೆಯೇ ಎಂದು ಅದು ತೂಗುತ್ತಿರುತ್ತದೆ. 30 ಮಿಲಿಆಂಪಿಯರಿನಷ್ಟು ವ್ಯತ್ಯಾಸ ಬಂದರೂ ಎಲ್ಲೋ ಸೋರುತ್ತಿದೆ, ಬಹುಶಃ ಒಬ್ಬರ ಮೈಯ ಮೂಲಕ, ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದುಹಾಕುತ್ತದೆ. ಮಳೆಗಾಲದಲ್ಲಿ ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ, ಮನೆಯವರು ರೇಗುತ್ತಾರೆ, ಕರೆಸಿಕೊಂಡವನು ಅದನ್ನು ತಪ್ಪಿಸಿ ನೇರ ತಂತಿ ಕೊಟ್ಟು ಹೋಗುತ್ತಾನೆ. ಮನೆಯವರಿಗೆ ಸಮಾಧಾನ. ತೇವ ಹತ್ತಿದ ಯಾವ ಸಾಕೆಟ್ಟಿನಿಂದ ಸೋರುತ್ತಿತ್ತೋ ಅದು ಇನ್ನೂ ಸೋರುತ್ತಲೇ ಇರುತ್ತದೆ. ಕರ್ನಾಟಕದಲ್ಲಿ ವಿದ್ಯುತ್ ಪರಿವೀಕ್ಷಣಾಲಯದಿಂದ ವೈರ್‌ಮನ್ ಪರ್ಮಿಟ್ ಪಡೆಯುವ ವ್ಯವಸ್ಥೆ ಇದೆ. ಪರ್ಮಿಟ್ ತೋರಿಸಪ್ಪ ಎಂದು ನಾವು ಎಂದಾದರೂ ಕೇಳಿದ್ದೇವೆಯೇ?

ಎಸ್‌ಟಿಪಿಯ ಮಾತು ಬಂದಾಗ ಸ್ವಲ್ಪ ನಿಲ್ಲಬೇಕು. ಕಟ್ಟಡದ ಅತಿ ಜಟಿಲ ಭಾಗವನ್ನು ನಾವು ಒಪ್ಪಿಸಿರುವುದು ಅತಿ ಕಡಿಮೆ ಕಲಿಸಿದ ಕೈಗೆ. ಎಸ್‌ಟಿಪಿ ಪೈಪು-ಪಂಪುಗಳ ಲೆಕ್ಕಕ್ಕಷ್ಟೇ ಸಿಗುವಂಥದ್ದಲ್ಲ. ಅದರೊಳಗೆ ಕೊಳೆ ತಿನ್ನುವ ಕೋಟ್ಯಂತರ ಜೀವಾಣುಗಳ ಕೊಟ್ಟಿಗೆ ಇದೆ. ಅವಕ್ಕೆ ಉಸಿರಾಡಲು ಬ್ಲೋವರ್ ಗಾಳಿ ಊದುತ್ತದೆ. ಕರೆಂಟು ಉಳಿಸೋಣವೆಂದು ರಾತ್ರಿ ಬ್ಲೋವರ್ ಆರಿಸುವ ಕಮಿಟಿಗಳಿವೆ. ಹಟ್ಟಿಯ ದನಕ್ಕೆ ರಾತ್ರಿ ಉಸಿರು ನಿಲ್ಲಿಸಿಕೋ ಎಂದ ಹಾಗೆ. ಬಲ್ಲ ಆಪರೇಟರ್ ನೊರೆ ನೋಡಿ, ಬಣ್ಣ ನೋಡಿ, ವಾಸನೆ ನೋಡಿ ಹೇಳುತ್ತಾನೆ. ಕೆಸರು ಕಂದಾಗಿ ಮಣ್ಣಿನ ವಾಸನೆ ಬರುತ್ತಿದ್ದರೆ ಕೊಟ್ಟಿಗೆ ಆರೋಗ್ಯವಾಗಿದೆ, ಕಪ್ಪಾಗಿ ಕೊಳೆತ ಮೊಟ್ಟೆಯ ನಾತ ಹೊಡೆದರೆ ಗಾಳಿ ಸಾಲುತ್ತಿಲ್ಲ. ಒಂದು ಲೀಟರಿನ ಗಾಜಿನ ಜಾಡಿಯಲ್ಲಿ ಆ ನೀರು ತುಂಬಿ 30 ನಿಮಿಷ ಅಲ್ಲಾಡಿಸದೆ ಇಟ್ಟರೆ ಕೆಸರು ಎಷ್ಟು ಕೆಳಗೆ ಕೂರುತ್ತದೆ ಎಂಬುದೇ ಅರ್ಧ ವರದಿ. ಕಲಿಸಲು ಇದೇನೂ ಬ್ರಹ್ಮವಿದ್ಯೆಯಲ್ಲ, ಎಸ್‌ಎಸ್‌ಎಲ್‌ಸಿ ಓದಿದ ಹುಡುಗಿಯೋ ಹುಡುಗನೋ ಕೆಲವೇ ವಾರಗಳಲ್ಲಿ ಕಲಿಯಬಹುದು.

ಕಲಿಸದಿದ್ದರೆ ಏನಾಗುತ್ತದೆ ಎಂಬುದನ್ನು ಪತ್ರಿಕೆಯ ಒಳಪುಟಗಳಲ್ಲಿ ಓದುತ್ತಲೇ ಇದ್ದೇವೆ. ಕೊಳಚೆ ಗುಂಡಿಗೆ ಒಬ್ಬ ಇಳಿಯುತ್ತಾನೆ, ಕುಸಿಯುತ್ತಾನೆ. ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಅವನೂ ಬೀಳುತ್ತಾನೆ. ಅಲ್ಲಿರುವ ಹೈಡ್ರೋಜನ್ ಸಲ್ಫೈಡ್ ಮೋಸದ ಅನಿಲ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಕೊಟ್ಟು ಎಚ್ಚರಿಸುತ್ತದೆ, ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 100 ಪಾಲು ಮುಟ್ಟಿದರೆ ಮೂಗಿನ ಶಕ್ತಿಯನ್ನೇ ಕೊಂದುಬಿಡುತ್ತದೆ. ವಾಸನೆ ಹೋಯಿತು, ಇನ್ನು ಇಳಿಯಬಹುದು ಎಂದುಕೊಳ್ಳುವ ಕ್ಷಣವೇ ಕೊನೆಯ ಕ್ಷಣ. ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ಸುರಕ್ಷಾ ಸಾಧನವಿಲ್ಲದೆ ಮನುಷ್ಯರನ್ನು ಒಳಚರಂಡಿಗೂ ಮಲದ ಗುಂಡಿಗೂ ಇಳಿಸುವುದನ್ನು ನಿಷೇಧಿಸಿದೆ. ಒಳಚರಂಡಿ ಸಾವುಗಳಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ. ಆದರೆ ಗುಂಡಿಯ ಬಾಯಲ್ಲಿ ನಿಂತವನಿಗೆ ಅನಿಲ ಅಳೆಯುವ ಮೀಟರೂ ಬೇಕು, ಅದಕ್ಕಿಂತ ಮೊದಲು ‘ನಾನು ಇಳಿಯಲ್ಲ’ ಎನ್ನುವ ಬಲವೂ ಬೇಕು.

ಆ ಬಲವನ್ನು ಯಾವ ಪಠ್ಯದಲ್ಲಿ ಸೇರಿಸುವುದು? ಲಿಫ್ಟಿನಲ್ಲೂ ಇದೇ ಪ್ರಶ್ನೆ. ಹಗ್ಗ ಹರಿದು ಲಿಫ್ಟು ಬೀಳುತ್ತದೆ ಎಂದು ನಾವು ಹೆದರುತ್ತೇವೆ, ಅದಕ್ಕೆ ಹಲವು ಹಗ್ಗಗಳೂ ವೇಗ ಮೀರಿದರೆ ಕಚ್ಚಿ ಹಿಡಿಯುವ ಗವರ್ನರೂ ಇವೆ. ಹೆದರಬೇಕಾದದ್ದು ಬಾಗಿಲಿಗೆ. ಬಾಗಿಲು ಮುಚ್ಚದೆ ಲಿಫ್ಟು ಚಲಿಸದಂತೆ ತಡೆಯುವ ಸ್ವಿಚ್ಚಿಗೆ ಯಾರೋ ‘ಇವತ್ತೊಂದಿನ ಓಡ್ಲಿ’ ಎಂದು ಜಂಪರ್ ತಂತಿ ಕಟ್ಟಿಬಿಡುತ್ತಾರೆ, ಏಕೆಂದರೆ ಸಂಜೆ ಮೂರನೇ ಮಹಡಿಯಲ್ಲಿ ಸೀಮಂತ. ಜಂಪರ್ ಕಟ್ಟಲು ಹೇಳಿದವರು ಸಾಮಾನ್ಯವಾಗಿ ನಮ್ಮಂಥವರೇ.

ಹಾಗಿದ್ದರೆ ಒಳ್ಳೆಯ ತರಬೇತಿ ಎಲ್ಲಿಯೂ ಇಲ್ಲವೇ? ಇದೆ, ಬೇರೆ ಬೇರೆ ಕಡೆ ಚದುರಿದೆ. ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರ ಮುಂದಾಳ್ತನದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳು ಜೊತೆಗೂಡಿ 1982ರಲ್ಲಿ ಉಜಿರೆಯಲ್ಲಿ ಶುರುಮಾಡಿದ ರುಡ್‌ಸೆಟ್ ಸಂಸ್ಥೆ ಹಳ್ಳಿಯ ಯುವಕರಿಗೆ ಊಟ ವಸತಿ ಸಹಿತ ಮನೆ ವೈರಿಂಗ್, ಮೋಟಾರ್ ರಿವೈಂಡಿಂಗ್, ಪಂಪ್‌ಸೆಟ್ ದುರಸ್ತಿ ಕಲಿಸುತ್ತ ಬಂದಿದೆ. ಅದೇ ಮಾದರಿಯಲ್ಲಿ ಇಂದು ದೇಶದ ಜಿಲ್ಲೆಗಳಲ್ಲಿ ಆರ್‌ಸೆಟಿ ಎಂಬ ತರಬೇತಿ ಸಂಸ್ಥೆಗಳಿವೆ. ರುಡ್‌ಸೆಟ್‌ನ ವಿಶೇಷವೆಂದರೆ ಕಸಬಿನ ಜೊತೆ ಲೆಕ್ಕ ಬರೆಯುವುದು, ಗಿರಾಕಿಯ ಜೊತೆ ಮಾತಾಡುವುದು, ಸಾಲ ತಂದು ಸ್ವಂತ ಕಾಲ ಮೇಲೆ ನಿಲ್ಲುವುದನ್ನೂ ಹೇಳಿಕೊಡುತ್ತಾರೆ. ಸುಮಾರು ಒಂದು ತಿಂಗಳಲ್ಲಿ ಪೂರ್ಣ ಕುಶಲಿ ಆಗುವುದಿಲ್ಲ, ಆದರೆ ಕೈ ನಡುಗುವುದು ನಿಲ್ಲುತ್ತದೆ.

ಇನ್ನೊಂದು ದಾರಿ ಅಪ್ರೆಂಟಿಸ್‌ಶಿಪ್. 1961ರ ಅಪ್ರೆಂಟಿಸ್ ಕಾಯ್ದೆಯನ್ನು ನಾವು ಕಾರ್ಖಾನೆಗೆ ಸೇರಿದ್ದೆಂದೇ ತಿಳಿದಿದ್ದೇವೆ. ಬಿಇಎಲ್, ಎಚ್‌ಎಎಲ್, ಎಚ್‌ಎಂಟಿಗಳ ಗೇಟಿನೊಳಗೆ ಅಪ್ರೆಂಟಿಸ್ ಆಗಿ ಹೋದವನಿಗೆ ಹೆಣ್ಣು ಕೊಡಲು ಜನ ಸಾಲು ನಿಲ್ಲುತ್ತಿದ್ದ ಬೆಂಗಳೂರು ಇದು. ಆದರೆ ಕಾಯ್ದೆ ಸೇವಾ ವಲಯಕ್ಕೂ ಅನ್ವಯಿಸುತ್ತದೆ. 2019ರ ತಿದ್ದುಪಡಿ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಬೇಕು. ನೂರಾರು ಕಟ್ಟಡಗಳಿಗೆ ಜನರನ್ನು ಒದಗಿಸುವ ಫೆಸಿಲಿಟಿ ಕಂಪನಿಗಳಿಗಿಂತ ಒಳ್ಳೆಯ ಪಾಠಶಾಲೆ ಎಲ್ಲಿದೆ? ಹಳೆಯ ಪಂಪು, ನಕ್ಷೆಯಿಲ್ಲದ ಬೋರ್ಡು, ಕೂಡುವ ಜಾಗಗಳು, ಐಟಿಐಯಲ್ಲಿ ಸಿಗದಿದ್ದೆಲ್ಲ ಅಲ್ಲಿ ಪುಕ್ಕಟೆ ಸಿಗುತ್ತದೆ. ಇಪ್ಪತ್ತು ವರ್ಷ ಮೇಸ್ತ್ರಿಯ ಹಿಂದೆ ಅಲೆದು ಕಲಿತ, ಕಾಗದವೇ ಇಲ್ಲದವರ ಅನುಭವಕ್ಕೆ ಪರೀಕ್ಷೆ ಇಟ್ಟು ಪ್ರಮಾಣಪತ್ರ ಕೊಡುವ ವ್ಯವಸ್ಥೆಯೂ ಕೌಶಲ ಯೋಜನೆಗಳಲ್ಲಿದೆ. ಅಂಥವರನ್ನೇ ಗುರುಗಳಾಗಿ ಕೂರಿಸಿದರೆ ಅರ್ಧ ಕೆಲಸ ಆದಂತೆ.

ಆಗದಿರುವುದು ಹಣದ ಕಾರಣಕ್ಕೆ, ಮತ್ತು ಆ ಹಣ ನಮ್ಮ ಜೇಬಿನದು. ವರ್ಷಕ್ಕೊಮ್ಮೆ ಮೇಂಟೆನೆನ್ಸ್ ಗುತ್ತಿಗೆ ಕೊಡುವಾಗ ಸಂಘದ ಸಭೆಯಲ್ಲಿ ನಾವು ಕೇಳುವ ಪ್ರಶ್ನೆ ಒಂದೇ, ‘ತಲೆಗೆ ಎಷ್ಟು?’ ತಲೆಯೊಳಗೆ ಏನಿದೆ ಎಂದು ಕೇಳುವುದಿಲ್ಲ. ಕಡಿಮೆ ಬರೆದವರಿಗೆ ಗುತ್ತಿಗೆ, ಅವರು ತರುವುದು ನಿನ್ನೆ ತಾನೇ ಬಸ್ಸಿಳಿದ ಹುಡುಗರನ್ನು. ಅವರಲ್ಲಿ ಒಬ್ಬ ಆರು ತಿಂಗಳಲ್ಲಿ ತಾನಾಗಿಯೇ ಒಂದಿಷ್ಟು ಕಲಿತರೆ ಪಕ್ಕದ ಅಪಾರ್ಟ್‌ಮೆಂಟಿನವರು ಸಾವಿರ ರೂಪಾಯಿ ಹೆಚ್ಚು ಕೊಟ್ಟು ಕರೆದುಕೊಳ್ಳುತ್ತಾರೆ. ಕಲಿಸಿದವರಿಗೆ ನಷ್ಟ, ಕಲಿಸದವರಿಗೆ ಲಾಭ ಎಂಬ ಲೆಕ್ಕ ಇರುವವರೆಗೆ ಯಾವ ಕಂಪನಿಯೂ ಮನಸ್ಸಿಟ್ಟು ಕಲಿಸುವುದಿಲ್ಲ. ನನ್ನ ಮಾತು ಕೇಳುವುದಾದರೆ ಗುತ್ತಿಗೆಯ ಕಾಗದದಲ್ಲೇ ಎರಡು ಸಾಲು ಸೇರಿಸಬೇಕು: ಪ್ರತಿ ಪಾಳಿಯಲ್ಲಿ ಪರ್ಮಿಟ್ ಇರುವ ಒಬ್ಬರು, ಅವರ ಕೈಕೆಳಗೆ ಕಲಿಯುವ ಒಬ್ಬರು, ಕಲಿಯುವವರ ಭತ್ಯೆ ಸಂಘದ್ದು. 24 ಮನೆಗಳಿಗೆ ಹಂಚಿದರೆ ಒಂದು ಮನೆಗೆ ತಿಂಗಳಿಗೆ ಒಂದು ಪಿಜ್ಜಾದ ದುಡ್ಡೂ ಆಗುವುದಿಲ್ಲ. ಕಳೆದ ಸಭೆಯಲ್ಲಿ ಇದನ್ನು ಹೇಳಿದಾಗ ಮುಂದಿನ ಸಭೆಗೆ ಇಡೋಣ ಎಂದರು. ನಾನು ಬಿಟ್ಟಿಲ್ಲ.

ಅಂದು ನಮ್ಮ ಪಂಪು ಸರಿಮಾಡಿಸಿದ ಹಿರಿಯರು ಹೊರಡುವ ಮುನ್ನ ಕೆಳಮನೆಯ ಮಗುವಿನ ಕೆಂಪು ಸ್ಕೆಚ್ ಪೆನ್ನು ತರಿಸಿ, ಮೀಟರಿನ ಗಾಜಿನ ಮೇಲೆ ಐದರ ಎದುರು ಒಂದು ಗೆರೆ ಎಳೆದರು. ಗೋಡೆಗೆ ಒಂದು ನೋಟ್‌ಬುಕ್ ದಾರ ಕಟ್ಟಿ ತೂಗುಹಾಕಿಸಿದರು. ಯಾದಗಿರಿಯ ಹುಡುಗ ಈಗ ದಿನಕ್ಕೆರಡು ಸಲ ಮುಳ್ಳು ಎಲ್ಲಿತ್ತೆಂದು ಅದರಲ್ಲಿ ಬರೆಯುತ್ತಾನೆ, ಕಾಗುಣಿತದ ತಪ್ಪುಗಳೊಂದಿಗೆ. ಯುಗಾದಿಗೆ ಊರಿಗೆ ಹೋದವನು ಅಲ್ಲಿಂದ ಬೆಳಿಗ್ಗೆ ಏಳಕ್ಕೆ ನನಗೆ ಫೋನ್ ಮಾಡಿದ. ಹಬ್ಬದ ಶುಭಾಶಯ ಹೇಳಿ, ಆಮೇಲೆ ಕೇಳಿದ: ‘ಸರ್, ಮುಳ್ಳು ಗೆರಿ ಮ್ಯಾಲೇ ಐತೇನ್ರಿ?’